ಕಂಪ್ಯೂಟರಿಗೆ ವೈರಸ್ ಬಂತೆ? ಅವಸರ ಬೇಡ, ಪರೀಕ್ಷೆ ಮಾಡಿ!

ಹೀಗೊಂದು ಸನ್ನಿವೇಶ ಊಹಿಸಿಕೊಳ್ಳಿ. ನಿಮ್ಮ ಅಕ್ಕ ಒಂದು ಅರ್ಜಿಯನ್ನು ಪ್ರಿಂಟ್ ಮಾಡಿಸಲು ಪೇಟೆಯ ಜೆರಾಕ್ಸ್ ಅಂಗಡಿಗೆ ಹೋಗಿದ್ದಳು. ಅರ್ಜಿ ಇದ್ದದ್ದು ಪೆನ್ ಡ್ರೈವ್‌ನಲ್ಲಿ. ಅದೇ ಪೆನ್ ಡ್ರೈವ್‌ನಲ್ಲಿ ಅಣ್ಣನ ಮದುವೆಯ ಫೋಟೊಗಳಿವೆ. ಕಳೆದ ವರ್ಷ ತೀರಿಕೊಂಡ ಅಜ್ಜಿಯ ಫೋಟೊಗಳೂ ಇವೆ. ಬೇರೆಲ್ಲೂ ಅವುಗಳ ಪ್ರತಿ ಇಲ್ಲ.

ಸಂಜೆ ಅಕ್ಕ ಮನೆಗೆ ಬಂದು ಪೆನ್ ಡ್ರೈವನ್ನು ಕಂಪ್ಯೂಟರಿಗೆ ಸಿಕ್ಕಿಸಿದಳು. ನೋಡಿದರೆ ಏನೋ ವಿಚಿತ್ರ! ಫೋಲ್ಡರುಗಳ ಹೆಸರುಗಳೆಲ್ಲ ಇವೆ. ಆದರೆ ಪ್ರತಿಯೊಂದರ ಚಿತ್ರದ ಎಡ ಮೂಲೆಯಲ್ಲಿ ಒಂದು ಪುಟ್ಟ ಬಾಗಿದ ಬಾಣದ ಗುರುತು ಕಾಣುತ್ತಿದೆ. ಗಾತ್ರ ನೋಡಿದರೆ ಒಂದೊಂದೂ ಬರೀ 2 ಕಿಲೋಬೈಟ್. ಒಂದೇ ಒಂದು ಫೋಟೊ ಕೂಡ ಅಷ್ಟು ಚಿಕ್ಕದಾಗಿರುವುದಿಲ್ಲ.

"ಅಯ್ಯೋ, ವೈರಸ್ ಬಂದಿದೆ. ಫೋಟೊ ಎಲ್ಲ ಹೋಯ್ತು" ಎಂದು ಅಕ್ಕ ಅಳುಮುಖ ಮಾಡುತ್ತಾಳೆ. ಪಕ್ಕದ ಮನೆಯ ಮಾಮ ಬಂದು ನೋಡಿ, "ಫಾರ್ಮ್ಯಾಟ್ ಮಾಡಿಬಿಡಮ್ಮ, ಎಲ್ಲ ಸರಿ ಹೋಗುತ್ತೆ" ಅನ್ನುತ್ತಾರೆ. ಫಾರ್ಮ್ಯಾಟ್ ಮಾಡುವುದೆಂದರೆ ಪೆನ್ ಡ್ರೈವ್‌ನಲ್ಲಿರುವುದನ್ನೆಲ್ಲ ಅಳಿಸಿ ಖಾಲಿ ಹಲಗೆಯಂತೆ ಮಾಡುವುದು.

ನೀವು ಅಲ್ಲಿದ್ದರೆ ಏನು ಹೇಳುತ್ತಿದ್ದಿರಿ?

"ಸ್ವಲ್ಪ ತಡೀರಿ ಮಾಮ" ಎಂದು ಹೇಳಬೇಕು! ಏಕೆಂದರೆ ವೈರಸ್ ಮಾಡುವ ಹಾನಿಗಿಂತ ಎಷ್ಟೋ ಸಲ ನಾವು ಗಾಬರಿಯಲ್ಲಿ ಮಾಡಿಕೊಳ್ಳುವ ಹಾನಿಯೇ ಹೆಚ್ಚು. ಜ್ವರ ಬಂದವರಿಗೆ ವೈದ್ಯರು ನೋಡಿದ ತಕ್ಷಣ ಆಪರೇಷನ್ ಮಾಡುತ್ತಾರೆಯೆ? ಇಲ್ಲ. ಮೊದಲು ಪ್ರಶ್ನೆ ಕೇಳುತ್ತಾರೆ, ಪರೀಕ್ಷಿಸುತ್ತಾರೆ, ಆಮೇಲೆ ಔಷಧಿ ಕೊಡುತ್ತಾರೆ. ಕಂಪ್ಯೂಟರಿಗೂ ಇದೇ ಕ್ರಮ. ಅಕ್ಕನ ಫೋಟೊಗಳು ಏನಾದವು? ಆ ರಹಸ್ಯವನ್ನು ಕೊನೆಯ ಹೊತ್ತಿಗೆ ನೀವೇ ಬಿಡಿಸುತ್ತೀರಿ. ಬನ್ನಿ, ಒಂದೊಂದಾಗಿ ನೋಡೋಣ.

ವೈರಸ್ ಅಂದರೆ ಏನು?

ಕಂಪ್ಯೂಟರಿಗೆ ಸ್ವಂತ ಬುದ್ಧಿ ಇಲ್ಲ. ನಾವು ಕೊಟ್ಟ ಆಜ್ಞೆಗಳನ್ನು ಅದು ಒಂದರ ನಂತರ ಒಂದರಂತೆ ಪಾಲಿಸುತ್ತದೆ. ಇಂತಹ ಆಜ್ಞೆಗಳ ಪಟ್ಟಿಯೇ ಪ್ರೋಗ್ರಾಂ ಅಥವಾ ತಂತ್ರಾಂಶ. ಚಿತ್ರ ಬಿಡಿಸುವ, ಲೆಕ್ಕ ಮಾಡುವ, ಹಾಡು ಕೇಳಿಸುವ ತಂತ್ರಾಂಶಗಳಿರುವಂತೆಯೇ ಕೆಟ್ಟ ಕೆಲಸ ಮಾಡಲೆಂದೇ ಬರೆದ ತಂತ್ರಾಂಶಗಳೂ ಇವೆ. ಇವೆಲ್ಲಕ್ಕೂ ಒಟ್ಟಾಗಿ ಮಾಲ್‌ವೇರ್ ಎಂದು ಹೆಸರು. ಕನ್ನಡದಲ್ಲಿ ಕುತಂತ್ರಾಂಶ ಎನ್ನುತ್ತಾರೆ.

ಕುತಂತ್ರಾಂಶಗಳಲ್ಲಿ ಹಲವು ಬಗೆ. ಬೇರೆ ಕಡತಕ್ಕೆ, ಅಂದರೆ ಫೈಲಿಗೆ, ಅಂಟಿಕೊಂಡು ಹರಡುವುದು ವೈರಸ್. ಯಾವ ಕಡತದ ಹಂಗೂ ಇಲ್ಲದೆ ತಾನಾಗಿಯೇ ಒಂದು ಕಂಪ್ಯೂಟರಿನಿಂದ ಇನ್ನೊಂದಕ್ಕೆ ಹರಿದಾಡುವುದು ವರ್ಮ್, ಎಂದರೆ ಹುಳು. ಒಳ್ಳೆಯ ಆಟ ಅಥವಾ ಉಪಯುಕ್ತ ತಂತ್ರಾಂಶದ ವೇಷ ಹಾಕಿಕೊಂಡು ಒಳಗೆ ಬರುವುದು ಟ್ರೋಜನ್. ನಾವು ಒತ್ತುವ ಅಕ್ಷರಗಳನ್ನು, ಪಾಸ್‌ವರ್ಡ್‌ಗಳನ್ನು ಕದ್ದು ನೋಡುವುದು ಸ್ಪೈವೇರ್. ಕಡತಗಳಿಗೆ ಬೀಗ ಹಾಕಿ "ಹಣ ಕೊಟ್ಟರೆ ಬೀಗದ ಕೈ ಕೊಡುತ್ತೇನೆ" ಎಂದು ಹೆದರಿಸುವುದು ರ್‍ಯಾನ್ಸಮ್‌ವೇರ್. ಜನ ಮಾತ್ರ ಮಾತಿನಲ್ಲಿ ಇವೆಲ್ಲವನ್ನೂ ವೈರಸ್ ಎಂದೇ ಕರೆಯುತ್ತಾರೆ.

ನೆಗಡಿ ತರುವ ವೈರಸ್ಸಿಗೂ ಇದಕ್ಕೂ ಒಂದು ಹೋಲಿಕೆ ಇದೆ. ನೆಗಡಿಯ ವೈರಸ್ ನಮ್ಮ ಜೀವಕೋಶದೊಳಗೆ ಹೊಕ್ಕ ಮೇಲೆಯೇ ತನ್ನ ಪ್ರತಿಗಳನ್ನು ಮಾಡಿಕೊಳ್ಳಬಲ್ಲದು. ಹಾಗೆಯೇ ಕಂಪ್ಯೂಟರ್ ವೈರಸ್ ಕೂಡ ಯಾವುದೋ ಕಂಪ್ಯೂಟರಿನಲ್ಲಿ ಓಡಲು ಶುರುವಾದ ಮೇಲೆಯೇ ಹರಡಬಲ್ಲದು. ಆದರೆ ದೊಡ್ಡ ವ್ಯತ್ಯಾಸವೂ ಇದೆ. ಕಂಪ್ಯೂಟರ್ ವೈರಸ್ಸಿಗೆ ಜೀವವಿಲ್ಲ. ಅದು ದೂಳಿನಿಂದ ಹುಟ್ಟುವುದಿಲ್ಲ, ಗಾಳಿಯಲ್ಲಿ ಹಾರುವುದಿಲ್ಲ. ಯಾರೋ ಮನುಷ್ಯರು ಕುಳಿತು ಬರೆದದ್ದು ಅದು.

ನಿಮಗೆ ಗೊತ್ತೆ?

ಐಬಿಎಂ ಪಿಸಿ ಬಗೆಯ ಕಂಪ್ಯೂಟರುಗಳಲ್ಲಿ ಹರಡಿದ ಮೊದಲ ವೈರಸ್ಸಿನ ಹೆಸರು ಬ್ರೈನ್. ಅದು 1986ರಲ್ಲಿ ಪಾಕಿಸ್ತಾನದ ಲಾಹೋರಿನಿಂದ ಹೊರಟಿತು. ಬರೆದವರು ಇಬ್ಬರು ಸಹೋದರರು. ತಮ್ಮ ತಂತ್ರಾಂಶವನ್ನು ಜನ ಹಣ ಕೊಡದೆ ನಕಲು ಮಾಡಿಕೊಳ್ಳುವುದನ್ನು ತಡೆಯಲು ಹಾಗೆ ಮಾಡಿದೆವು ಎಂದು ಅವರು ಹೇಳಿದರು. ವೈರಸ್ಸಿನೊಳಗೆ ತಮ್ಮ ಹೆಸರು, ವಿಳಾಸ, ಫೋನ್ ನಂಬರನ್ನೂ ಬರೆದಿದ್ದರು! ಆಗ ಪೆನ್ ಡ್ರೈವ್ ಇರಲಿಲ್ಲ. ಫ್ಲಾಪಿ ಎಂಬ ತೆಳ್ಳನೆಯ ತಟ್ಟೆಗಳು ಕೈಯಿಂದ ಕೈಗೆ ಹೋಗುತ್ತಿದ್ದವು. ಅವುಗಳ ಜೊತೆಗೇ ಬ್ರೈನ್ ದೇಶದಿಂದ ದೇಶಕ್ಕೆ ಹೋಯಿತು.

ಲಕ್ಷಣ ಬೇರೆ, ಕಾರಣ ಬೇರೆ

ಕಂಪ್ಯೂಟರ್ ನಿಧಾನವಾದರೆ ಸಾಕು, "ವೈರಸ್ ಬಂದಿದೆ" ಎಂದುಬಿಡುತ್ತೇವೆ. ಇದು ಸರಿಯೆ? ತಲೆನೋವು ಬಂದ ಕೂಡಲೇ ಇಂಥದೇ ಕಾಯಿಲೆ ಎಂದು ಹೇಳಲಾಗದು. ಬಿಸಿಲಿನಲ್ಲಿ ಅಲೆದದ್ದರಿಂದ, ನಿದ್ದೆ ಕೆಟ್ಟದ್ದರಿಂದ, ಹಸಿವಿನಿಂದ, ಹೀಗೆ ಏನೇನೋ ಕಾರಣಗಳಿಂದ ತಲೆ ನೋಯಬಹುದು. ತಲೆನೋವು ಲಕ್ಷಣ ಮಾತ್ರ.

ಕಂಪ್ಯೂಟರ್ ನಿಧಾನವಾಗಲು ಎಷ್ಟೊಂದು ಕಾರಣಗಳಿವೆ ನೋಡಿ:

1. ಡಿಸ್ಕ್‌ನಲ್ಲಿ ಜಾಗ ತುಂಬಿಹೋಗಿರಬಹುದು.
2. ಒಂದೇ ಸಲ ಹತ್ತಾರು ತಂತ್ರಾಂಶಗಳನ್ನು ತೆರೆದಿಟ್ಟಿರಬಹುದು.
3. ಫ್ಯಾನಿನಲ್ಲಿ ದೂಳು ಕಟ್ಟಿಕೊಂಡು ಕಂಪ್ಯೂಟರ್ ಬಿಸಿಯಾಗುತ್ತಿರಬಹುದು. ತುಂಬಾ ಬಿಸಿಯಾದರೆ ಅದು ತನ್ನ ವೇಗವನ್ನು ತಾನೇ ತಗ್ಗಿಸಿಕೊಳ್ಳುತ್ತದೆ.
4. ಹಿನ್ನೆಲೆಯಲ್ಲಿ ಅಪ್‌ಡೇಟ್ ಇಳಿಯುತ್ತಿರಬಹುದು.
5. ಕಂಪ್ಯೂಟರ್ ಹಳೆಯದಾಗಿ, ಡಿಸ್ಕ್ ಕೆಡುವ ಹಂತಕ್ಕೆ ಬಂದಿರಬಹುದು.
6. ವೈರಸ್ ಕೂಡ ಇರಬಹುದು.

ಈ 6 ಕಾರಣಗಳಲ್ಲಿ ವೈರಸ್ ಒಂದು ಮಾತ್ರ. ಹಾಗಾದರೆ ಹೆಚ್ಚು ಅನುಮಾನ ಪಡಬೇಕಾದ ಲಕ್ಷಣಗಳು ಯಾವುವು? ಫೋಲ್ಡರುಗಳು ಬಾಣದ ಗುರುತಿನ ಶಾರ್ಟ್‌ಕಟ್‌ಗಳಾಗಿ ಬದಲಾಗಿರುವುದು. ಆ್ಯಂಟಿವೈರಸ್ ತಾನಾಗಿಯೇ ನಿಂತುಹೋಗಿ, ಆನ್ ಮಾಡಿದರೂ ಆನ್ ಆಗದಿರುವುದು. ನೀವು ಹಾಕದ ತಂತ್ರಾಂಶ ಪಟ್ಟಿಯಲ್ಲಿ ಕಾಣುವುದು. ನೀವು ಕಳಿಸದ ಸಂದೇಶಗಳು ನಿಮ್ಮ ಹೆಸರಿನಲ್ಲಿ ಗೆಳೆಯರಿಗೆ ಹೋಗುವುದು. ಕಡತಗಳ ಹೆಸರಿನ ಕೊನೆ ಬದಲಾಗಿ ಅವು ತೆರೆಯದಿರುವುದು. ಇವು ಕಂಡರೆ ಪರೀಕ್ಷೆ ಮಾಡಲೇಬೇಕು. ಇನ್ನೊಂದು ಮಾತು. ಕೆಲವು ಕುತಂತ್ರಾಂಶಗಳು ಯಾವ ಲಕ್ಷಣವನ್ನೂ ತೋರಿಸದೆ ಸುಮ್ಮನೆ ಕುಳಿತಿರುತ್ತವೆ. ಆದ್ದರಿಂದ ಆಗಾಗ ಪರೀಕ್ಷೆ ಮಾಡುವುದು ಒಳ್ಳೆಯದು.

ಸುಳ್ಳು ಎಚ್ಚರಿಕೆ

ಕೆಲವು ಸಲ ಅಂತರಜಾಲ ನೋಡುತ್ತಿರುವಾಗ ಪರದೆ ತುಂಬ ಕೆಂಪು ಬಣ್ಣದ ಎಚ್ಚರಿಕೆ ಬರುತ್ತದೆ. "ನಿಮ್ಮ ಕಂಪ್ಯೂಟರಿನಲ್ಲಿ 5 ವೈರಸ್‌ಗಳಿವೆ! ಕೂಡಲೇ ಈ ನಂಬರಿಗೆ ಫೋನ್ ಮಾಡಿ!" ಜೊತೆಗೆ ಕೀ ಕೀ ಎಂಬ ಸದ್ದು. ಎದೆ ಡವಡವ ಎನ್ನುತ್ತದೆ ಅಲ್ಲವೆ? ಅವರಿಗೆ ಬೇಕಾದದ್ದೂ ಅದೇ.

ಯೋಚಿಸಿ ನೋಡಿ. ಅದು ಒಂದು ಜಾಲಪುಟ ಅಷ್ಟೇ. ದೂರದ ಒಂದು ಜಾಲಪುಟ ನಿಮ್ಮ ಕಂಪ್ಯೂಟರಿನ ಕಡತಗಳನ್ನೆಲ್ಲ ಕ್ಷಣಮಾತ್ರದಲ್ಲಿ ಪರೀಕ್ಷಿಸಿ ವೈರಸ್ ಎಣಿಸಲು ಸಾಧ್ಯವಿಲ್ಲ. ಬೀದಿಯಲ್ಲಿ ಹೋಗುವ ಅಪರಿಚಿತನೊಬ್ಬ ನಿಮ್ಮ ಮನೆಯ ಗೋಡೆ ನೋಡಿ "ನಿಮ್ಮ ಪೆಟ್ಟಿಗೆಯಲ್ಲಿ 5 ಜಿರಲೆಗಳಿವೆ" ಎಂದರೆ ನಂಬುತ್ತೀರಾ?

ಇಂತಹ ಪುಟ ಬಂದರೆ ಅದರೊಳಗಿನ ಯಾವ ಬಟನ್ನನ್ನೂ ಒತ್ತಬೇಡಿ. ಫೋನ್ ಮಾಡಬೇಡಿ. ಯಾವ ತಂತ್ರಾಂಶವನ್ನೂ ಇಳಿಸಿಕೊಳ್ಳಬೇಡಿ. ಆಲ್ಟ್ ಮತ್ತು ಎಫ್4 ಕೀಗಳನ್ನು ಒಟ್ಟಿಗೆ ಒತ್ತಿ ಬ್ರೌಸರನ್ನು ಮುಚ್ಚಿ. ಮುಚ್ಚದಿದ್ದರೆ ಕಂಪ್ಯೂಟರನ್ನೇ ಆಫ್ ಮಾಡಿ. ಮತ್ತೆ ತೆರೆದಾಗ "ಹಿಂದಿನ ಪುಟಗಳನ್ನು ತೆರೆಯಲೆ?" ಎಂದು ಬ್ರೌಸರ್ ಕೇಳಿದರೆ ಬೇಡ ಎನ್ನಿ.

ಅನುಮಾನ ಬಂದಾಗ ಏನು ಮಾಡಬೇಕು?

ಈಗ ಅಕ್ಕನ ಪೆನ್ ಡ್ರೈವ್‌ಗೆ ಹಿಂತಿರುಗೋಣ. ಬಾಣದ ಗುರುತು ಕಂಡಿದೆ. ಆದ್ದರಿಂದ ಅನುಮಾನಕ್ಕೆ ಕಾರಣವಿದೆ. ಹಂತ ಹಂತವಾಗಿ ಮುಂದುವರಿಯೋಣ. ಈ ಕೆಲಸಗಳನ್ನು ನೀವೊಬ್ಬರೇ ಮಾಡಬೇಡಿ. ಮನೆಯ ಹಿರಿಯರು ಅಥವಾ ಶಿಕ್ಷಕರು ಜೊತೆಗಿರಲಿ.

ಹಂತ 1: ಹೇಳಿ, ಮುಚ್ಚಿಡಬೇಡಿ

ಯಾವುದೋ ಆಟವನ್ನು ಇಳಿಸಿಕೊಂಡಿರಿ, ಆಮೇಲೆ ಕಂಪ್ಯೂಟರ್ ವಿಚಿತ್ರವಾಗಿ ಆಡತೊಡಗಿತು ಎಂದಿಟ್ಟುಕೊಳ್ಳಿ. ಬೈಗುಳ ತಿನ್ನಬೇಕಾಗುತ್ತದೆ ಎಂದು ಸುಮ್ಮನಿದ್ದರೆ? ಆ ಹೊತ್ತಿನಲ್ಲೇ ಅಪ್ಪ ಅದೇ ಕಂಪ್ಯೂಟರಿನಲ್ಲಿ ಬ್ಯಾಂಕಿನ ಪಾಸ್‌ವರ್ಡ್ ಹಾಕಬಹುದು. ಅದು ಕಳ್ಳನ ಕೈ ಸೇರಬಹುದು. ನೀವು ಬೇಗ ಹೇಳಿದಷ್ಟೂ ಹಾನಿ ಕಡಿಮೆ. ದೊಡ್ಡವರಿಗೂ ಒಂದು ಮಾತು: ಹೇಳಿದ ಮಗುವನ್ನು ಬೈದರೆ ಮುಂದಿನ ಸಲ ಅದು ಹೇಳುವುದಿಲ್ಲ. ದೊಡ್ಡ ದೊಡ್ಡ ಕಚೇರಿಗಳ ಕಂಪ್ಯೂಟರುಗಳಿಗೂ ವೈರಸ್ ಬಂದಿದೆ. ಇದರಲ್ಲಿ ನಾಚಿಕೆಪಡುವುದೇನೂ ಇಲ್ಲ.

ಹಂತ 2: ಬೇರ್ಪಡಿಸಿ

ಹಿಂದೆ ಸಿಡುಬು ಬಂದ ಮಗುವನ್ನು ಬೇರೆ ಮಕ್ಕಳಿಂದ ದೂರ ಮಲಗಿಸುತ್ತಿದ್ದರು ಅಲ್ಲವೆ? ಹಾಗೆಯೇ ಕಂಪ್ಯೂಟರಿನ ಅಂತರಜಾಲ ಸಂಪರ್ಕ ಕಡಿಯಿರಿ. ವೈರಿದ್ದರೆ ಕಿತ್ತುಬಿಡಿ, ವೈ-ಫೈ ಇದ್ದರೆ ಆಫ್ ಮಾಡಿ. ಪೆನ್ ಡ್ರೈವ್ ಹೊರಗೆ ತೆಗೆದು, ಅದರ ಮೇಲೆ "ಬಳಸಬೇಡಿ" ಎಂದು ಚೀಟಿ ಅಂಟಿಸಿ. "ನೋಡೋಣ" ಎಂದು ಶಾಲೆಯ ಕಂಪ್ಯೂಟರಿಗೋ ಗೆಳೆಯನ ಮನೆಯ ಕಂಪ್ಯೂಟರಿಗೋ ಸಿಕ್ಕಿಸಬೇಡಿ. ಆ ಕಂಪ್ಯೂಟರಿನಲ್ಲಿ ಯಾವ ಪಾಸ್‌ವರ್ಡನ್ನೂ ಟೈಪ್ ಮಾಡಬೇಡಿ.

ಹಂತ 3: ಬರೆದುಕೊಳ್ಳಿ

ಒಂದು ನೋಟ್‌ಬುಕ್ಕಿನಲ್ಲಿ 4 ಪ್ರಶ್ನೆಗಳಿಗೆ ಉತ್ತರ ಬರೆಯಿರಿ. ಯಾವಾಗಿನಿಂದ ಹೀಗಾಗಿದೆ? ಅದಕ್ಕೆ ಸ್ವಲ್ಪ ಮೊದಲು ಏನು ಮಾಡಿದ್ದಿರಿ? ಪರದೆಯ ಮೇಲೆ ಬಂದ ಸಂದೇಶದಲ್ಲಿ ಏನಿತ್ತು? ಪೆನ್ ಡ್ರೈವ್ ಎಲ್ಲೆಲ್ಲಿ ಹೋಗಿ ಬಂದಿದೆ? ಸಂದೇಶವನ್ನು ಇದ್ದದ್ದು ಇದ್ದಂತೆ ಬರೆಯಿರಿ, ಇಲ್ಲವೇ ಮೊಬೈಲಿನಲ್ಲಿ ಫೋಟೊ ತೆಗೆದುಕೊಳ್ಳಿ. ವಿಜ್ಞಾನಿಗಳು ಪ್ರಯೋಗದ ಪುಸ್ತಕ ಇಡುವುದು ಇದಕ್ಕಾಗಿಯೇ. ನೆನಪು ಮೋಸ ಮಾಡಬಹುದು, ಬರೆದಿಟ್ಟದ್ದು ಮೋಸ ಮಾಡುವುದಿಲ್ಲ.

ಹಂತ 4: ಕಂಪ್ಯೂಟರನ್ನು ಪರೀಕ್ಷಿಸಿ

ವಿಂಡೋಸ್ 10 ಮತ್ತು 11 ಇರುವ ಕಂಪ್ಯೂಟರುಗಳಲ್ಲಿ ವಿಂಡೋಸ್ ಸೆಕ್ಯುರಿಟಿ ಎಂಬ ಆ್ಯಂಟಿವೈರಸ್ ಮೊದಲೇ ಇರುತ್ತದೆ. ಅದರಲ್ಲಿ ಫುಲ್ ಸ್ಕ್ಯಾನ್ ಆರಿಸಿದರೆ ಎಲ್ಲ ಕಡತಗಳನ್ನೂ ಒಂದೊಂದಾಗಿ ನೋಡುತ್ತದೆ. ಕೆಲವು ಗಂಟೆಗಳೇ ಹಿಡಿಯಬಹುದು. ತಾಳ್ಮೆ ಇರಲಿ.

ಆ್ಯಂಟಿವೈರಸ್ ವೈರಸ್ಸನ್ನು ಹೇಗೆ ಗುರುತಿಸುತ್ತದೆ? ಪೊಲೀಸರ ಬಳಿ ಹಳೆಯ ಕಳ್ಳರ ಬೆರಳಚ್ಚು ಇರುವಂತೆ, ಅದರ ಬಳಿ ಗೊತ್ತಿರುವ ಕುತಂತ್ರಾಂಶಗಳ ಗುರುತುಗಳ ಪಟ್ಟಿ ಇರುತ್ತದೆ. ಪ್ರತಿ ಕಡತವನ್ನೂ ಆ ಪಟ್ಟಿಗೆ ಹೋಲಿಸುತ್ತದೆ. ಪಟ್ಟಿಯಲ್ಲಿಲ್ಲದ ಹೊಸ ಕಳ್ಳನಾದರೆ ಅವನ ನಡವಳಿಕೆ ನೋಡಿ ಅನುಮಾನಿಸುತ್ತದೆ. ಪಟ್ಟಿ ಹಳೆಯದಾಗಿದ್ದರೆ ಹೊಸ ಕಳ್ಳರು ಸಿಕ್ಕುವುದಿಲ್ಲ. ಹಾಗಿದ್ದಾಗ ಪಟ್ಟಿಯನ್ನು ನವೀಕರಿಸಲು ಮಾತ್ರ ಸ್ವಲ್ಪ ಹೊತ್ತು ಅಂತರಜಾಲಕ್ಕೆ ಸೇರಿಸಿ. ಆ ಹೊತ್ತಿನಲ್ಲಿ ಬೇರೇನನ್ನೂ ತೆರೆಯಬೇಡಿ. ಮುಗಿದ ಮೇಲೆ ಮತ್ತೆ ಸಂಪರ್ಕ ಕಡಿಯಿರಿ.

ಕೆಲವು ಕುತಂತ್ರಾಂಶಗಳು ಬಹಳ ಚಾಲಾಕಿ. ತಾವು ಓಡುತ್ತಿರುವಾಗ ಆ್ಯಂಟಿವೈರಸ್ಸಿನ ಕಣ್ಣಿಗೇ ಮಣ್ಣೆರಚುತ್ತವೆ. ಅದಕ್ಕಾಗಿ ಆಫ್‌ಲೈನ್ ಸ್ಕ್ಯಾನ್ ಎಂಬ ಇನ್ನೊಂದು ಪರೀಕ್ಷೆ ಇದೆ. ಇದರಲ್ಲಿ ಕಂಪ್ಯೂಟರ್ ಒಮ್ಮೆ ಆಫ್ ಆಗಿ ಮತ್ತೆ ಆನ್ ಆಗುತ್ತದೆ. ವಿಂಡೋಸ್ ಪೂರ್ತಿ ಎಚ್ಚರಗೊಳ್ಳುವ ಮೊದಲೇ ಪರೀಕ್ಷೆ ನಡೆಯುತ್ತದೆ. ಕಳ್ಳ ಮಲಗಿರುವಾಗಲೇ ಹಿಡಿದಂತೆ!

ಒಂದು ಎಚ್ಚರಿಕೆ. ಎರಡು ಆ್ಯಂಟಿವೈರಸ್ ಇದ್ದರೆ ಎರಡು ಪಟ್ಟು ರಕ್ಷಣೆ ಸಿಗುತ್ತದೆ ಎಂದು ತಿಳಿಯಬೇಡಿ. ಒಟ್ಟಿಗೆ ಓಡುವ ಎರಡು ಆ್ಯಂಟಿವೈರಸ್‌ಗಳು ಒಂದರ ಕೆಲಸಕ್ಕೆ ಇನ್ನೊಂದು ಅಡ್ಡ ಬರುತ್ತವೆ. ಒಂದೇ ಸಾಕು.

ವೈರಸ್ ಸಿಕ್ಕರೆ ಆ್ಯಂಟಿವೈರಸ್ ಅದನ್ನು ಕ್ವಾರಂಟೀನ್‌ನಲ್ಲಿ ಇಡುತ್ತದೆ. 2020ರಲ್ಲಿ ಕೊರೊನಾ ಬಂದಾಗ ಈ ಪದವನ್ನು ಎಲ್ಲರೂ ಕಲಿತರು. ಇದು ಇಟಲಿಯ ವೆನಿಸ್ ಕಡೆಯ ಮಾತು. ಪ್ಲೇಗ್ ಕಾಲದಲ್ಲಿ ಹಡಗುಗಳನ್ನು 40 ದಿನ ದೂರ ನಿಲ್ಲಿಸುತ್ತಿದ್ದರು. ನಲವತ್ತು ಎಂಬುದಕ್ಕೆ ಅವರ ಮಾತಿನಲ್ಲಿರುವ ಪದದಿಂದಲೇ ಕ್ವಾರಂಟೀನ್ ಬಂದಿದೆ. ಕಂಪ್ಯೂಟರಿನಲ್ಲೂ ಅಷ್ಟೇ. ಅನುಮಾನವಿರುವ ಕಡತವನ್ನು ಓಡಲಾಗದಂತೆ ಪ್ರತ್ಯೇಕ ಜಾಗದಲ್ಲಿ ಕೂಡಿಹಾಕಲಾಗುತ್ತದೆ. ಕೂಡಲೇ ಅಳಿಸುವುದಿಲ್ಲ ಏಕೆ? ಒಮ್ಮೊಮ್ಮೆ ಆ್ಯಂಟಿವೈರಸ್ ಒಳ್ಳೆಯ ಕಡತವನ್ನೂ ತಪ್ಪಾಗಿ ಹಿಡಿಯುತ್ತದೆ. ಆಗ ಬಿಡಿಸಿಕೊಳ್ಳಲು ಅವಕಾಶ ಬೇಕಲ್ಲವೆ?

ಹಂತ 5: ಪೆನ್ ಡ್ರೈವ್‌ನ ರಹಸ್ಯ

ಕಂಪ್ಯೂಟರ್ ಶುದ್ಧವಾದ ಮೇಲೆ ಪೆನ್ ಡ್ರೈವ್ ಸಿಕ್ಕಿಸಿ. ಒಳಗಿನ ಯಾವುದನ್ನೂ ಕ್ಲಿಕ್ ಮಾಡಬೇಡಿ. ಪೆನ್ ಡ್ರೈವ್‌ನ ಹೆಸರಿನ ಮೇಲೆ ಮೌಸಿನ ಬಲ ಬಟನ್ ಒತ್ತಿ, ಸ್ಕ್ಯಾನ್ ಮಾಡಿಸಿ. ಆಮೇಲೆ ಅದೇ ಹೆಸರಿನ ಮೇಲೆ ಮತ್ತೆ ಬಲ ಬಟನ್ ಒತ್ತಿ, ಪ್ರಾಪರ್ಟೀಸ್ ನೋಡಿ. ಎಷ್ಟು ಜಾಗ ಬಳಕೆಯಾಗಿದೆ, ಎಷ್ಟು ಖಾಲಿ ಇದೆ ಎಂಬುದು ಒಂದು ವೃತ್ತದ ಚಿತ್ರದಲ್ಲಿ ಕಾಣುತ್ತದೆ.

ಅಕ್ಕನ ಪೆನ್ ಡ್ರೈವ್‌ನಲ್ಲಿ 6 ಗಿಗಾಬೈಟ್ ಬಳಕೆಯಾಗಿದೆ ಎಂದು ತೋರಿಸುತ್ತಿದೆ ಎನ್ನೋಣ. ಈಗ ಲೆಕ್ಕ ಮಾಡಿ. ಅಲ್ಲಿ ಕಾಣುವ ಶಾರ್ಟ್‌ಕಟ್‌ಗಳು 4. ಒಂದೊಂದೂ 2 ಕಿಲೋಬೈಟ್. ಒಟ್ಟು 8 ಕಿಲೋಬೈಟ್. ಆದರೆ 6 ಗಿಗಾಬೈಟ್ ಅಂದರೆ ಸುಮಾರು 60 ಲಕ್ಷ ಕಿಲೋಬೈಟ್! ಕಾಣುವುದು 8, ಬಳಕೆಯಾಗಿರುವುದು 60 ಲಕ್ಷ. ಉಳಿದದ್ದು ಏನು?

ಸರಿಯಾಗಿ ಊಹಿಸಿದಿರಿ. ಅಕ್ಕನ ಫೋಟೊಗಳು! ಅವು ಹೋಗಿಲ್ಲ, ಅಲ್ಲೇ ಇವೆ. ಕಣ್ಣಿಗೆ ಕಾಣುತ್ತಿಲ್ಲ, ಅಷ್ಟೇ. ಒಂದು ಫೋಟೊ 3 ಮೆಗಾಬೈಟ್ ಎಂದರೆ 6 ಗಿಗಾಬೈಟಿನಲ್ಲಿ ಸುಮಾರು 2000 ಫೋಟೊಗಳು ಹಿಡಿಯುತ್ತವೆ.

ಈ ಕುತಂತ್ರಾಂಶದ ಚಮತ್ಕಾರ ಇಷ್ಟೇ. ಪ್ರತಿ ಕಡತ ಮತ್ತು ಫೋಲ್ಡರಿಗೆ "ಕಾಣಬೇಕು" ಅಥವಾ "ಅಡಗಿರಬೇಕು" ಎಂಬ ಗುರುತು ಇರುತ್ತದೆ. ಕುತಂತ್ರಾಂಶ ನಿಮ್ಮ ಫೋಲ್ಡರುಗಳಿಗೆಲ್ಲ "ಅಡಗಿರಬೇಕು" ಎಂಬ ಗುರುತು ಹಾಕುತ್ತದೆ. ಅದೇ ಹೆಸರಿನ ಶಾರ್ಟ್‌ಕಟ್‌ಗಳನ್ನು ಎದುರಿಗೆ ನಿಲ್ಲಿಸುತ್ತದೆ. ನೀವು ಶಾರ್ಟ್‌ಕಟ್ ಒತ್ತಿದರೆ ಮೊದಲು ಕುತಂತ್ರಾಂಶ ಓಡುತ್ತದೆ, ಆಮೇಲೆ ನಿಜವಾದ ಫೋಲ್ಡರ್ ತೆರೆಯುತ್ತದೆ. ಫೋಟೊ ಕಾಣಿಸಿತಲ್ಲ ಎಂದು ನೀವು ಸುಮ್ಮನಾಗುತ್ತೀರಿ. ಅಷ್ಟರಲ್ಲಿ ಅದು ಕಂಪ್ಯೂಟರಿನೊಳಗೆ ಸೇರಿಕೊಂಡಿರುತ್ತದೆ.

ಆ್ಯಂಟಿವೈರಸ್ ಕುತಂತ್ರಾಂಶವನ್ನು ತೆಗೆದ ಮೇಲೆ ಆ ಶಾರ್ಟ್‌ಕಟ್‌ಗಳನ್ನು ಅಳಿಸಬಹುದು. ಆದರೆ "ಅಡಗಿರಬೇಕು" ಎಂಬ ಗುರುತು ಹಾಗೆಯೇ ಉಳಿದಿರುತ್ತದೆ. ವಿಂಡೋಸಿನಲ್ಲಿ ಅಡಗಿದ ಕಡತಗಳನ್ನು ತೋರಿಸುವ ಆಯ್ಕೆ ಇದೆ. ಗುರುತನ್ನು ತೆಗೆದುಹಾಕಲು ಆಟ್ರಿಬ್ ಎಂಬ ಆಜ್ಞೆಯೂ ಇದೆ. ಕಂಪ್ಯೂಟರ್ ಬಲ್ಲ ಶಿಕ್ಷಕರಿಗೆ ಹೇಳಿದರೆ ಕೆಲವೇ ನಿಮಿಷಗಳಲ್ಲಿ ಫೋಲ್ಡರುಗಳು ಮೊದಲಿನಂತೆ ಕಾಣುತ್ತವೆ. ಅಜ್ಜಿ ಮತ್ತೆ ನಗುತ್ತಾ ಕಾಣಿಸುತ್ತಾರೆ.

ಮಾಮನ ಮಾತು ಕೇಳಿ ಫಾರ್ಮ್ಯಾಟ್ ಮಾಡಿದ್ದರೆ? ವೈರಸ್ ಹೋಗುತ್ತಿತ್ತು ನಿಜ. ಅದು ಮುಟ್ಟದೆ ಬಿಟ್ಟಿದ್ದ ಫೋಟೊಗಳನ್ನು ನಾವೇ ಅಳಿಸಿದಂತಾಗುತ್ತಿತ್ತು!

ಹಂತ 6: ವಾಸಿಯಾಗದಿದ್ದರೆ

ಕೆಲವು ಸಲ ಎಷ್ಟು ಶುದ್ಧ ಮಾಡಿದರೂ ಕುತಂತ್ರಾಂಶ ಮರಳಿ ಬರುತ್ತದೆ. ಆಗ ವಿಂಡೋಸನ್ನೇ ಹೊಸದಾಗಿ ಹಾಕುವುದು ಸರಿ. ಆದರೆ ಅದಕ್ಕೂ ಮೊದಲು ಫೋಟೊ, ಪತ್ರ, ಅಂಕಪಟ್ಟಿ ಮುಂತಾದ ನಿಮ್ಮ ಸ್ವಂತ ಕಡತಗಳ ಪ್ರತಿ ತೆಗೆದಿಡಿ. ತಂತ್ರಾಂಶಗಳ ಪ್ರತಿ ಬೇಡ, ಅವುಗಳ ಜೊತೆ ವೈರಸ್ಸೂ ಬರಬಹುದು. ತೆಗೆದಿಟ್ಟ ಕಡತಗಳನ್ನು ಮತ್ತೆ ಸ್ಕ್ಯಾನ್ ಮಾಡಿದ ಮೇಲೆಯೇ ಹಾಕಿಕೊಳ್ಳಿ. ಇನ್ನು ಕಡತಗಳಿಗೆ ಬೀಗ ಹಾಕಿ ಹಣ ಕೇಳುವ ಸಂದೇಶ ಬಂದಿದ್ದರೆ ಹಣ ಕೊಡಬಾರದು. ಕೊಟ್ಟರೂ ಕಡತ ಸಿಗುತ್ತದೆಂಬ ಖಾತ್ರಿ ಇಲ್ಲ.

ಹಂತ 7: ಆಮೇಲಿನ ಕೆಲಸ

ವೈರಸ್ ಹೋಯಿತು ಎಂದು ಕೈ ತೊಳೆದುಕೊಂಡರೆ ಸಾಲದು. ಆ ಕಂಪ್ಯೂಟರಿನಲ್ಲಿ ಬಳಸಿದ ಪಾಸ್‌ವರ್ಡ್‌ಗಳನ್ನೆಲ್ಲ ಬದಲಿಸಬೇಕು. ಕಂಪ್ಯೂಟರ್ ಪೂರ್ತಿ ಶುದ್ಧವಾಗಿದೆ ಎಂಬ ಖಾತ್ರಿ ಇಲ್ಲದಿದ್ದರೆ ಬೇರೆ ಆರೋಗ್ಯವಂತ ಕಂಪ್ಯೂಟರ್ ಅಥವಾ ಮೊಬೈಲಿನಿಂದ ಬದಲಿಸಿ. ಆ ಪೆನ್ ಡ್ರೈವ್ ಬಳಸಿದವರಿಗೆ ಹೇಳಿ. ಜೆರಾಕ್ಸ್ ಅಂಗಡಿಯವರಿಗೂ ಜಗಳ ಮಾಡದೆ ತಿಳಿಸಿ. ಅವರ ಕಂಪ್ಯೂಟರಿಗೆ ಇನ್ಯಾರದೋ ಪೆನ್ ಡ್ರೈವ್‌ನಿಂದ ಬಂದಿರಬಹುದು. ಅವರು ಶುದ್ಧ ಮಾಡಿಕೊಂಡರೆ ಊರಿಗೇ ಉಪಕಾರ.

ಬ್ಯಾಂಕಿನ ಹಣ ಹೋಗಿದ್ದರೆ ಹಿರಿಯರು ತಡಮಾಡದೆ 1930 ಸಂಖ್ಯೆಗೆ ಕರೆ ಮಾಡಬೇಕು. ಇದು ಸೈಬರ್ ವಂಚನೆಯ ದೂರಿಗಾಗಿ ಇರುವ ರಾಷ್ಟ್ರೀಯ ಸಹಾಯವಾಣಿ. ಕಂಪ್ಯೂಟರ್ ಶುದ್ಧಗೊಳಿಸುವ ಉಚಿತ ತಂತ್ರಾಂಶಗಳಿಗಾಗಿ ಕೇಂದ್ರ ಸರ್ಕಾರ 2017ರಲ್ಲಿ ಸೈಬರ್ ಸ್ವಚ್ಛತಾ ಕೇಂದ್ರವನ್ನು ಆರಂಭಿಸಿದೆ.

ಬರುವ ಮುನ್ನವೇ ತಡೆಯೋಣ

2017ರ ಮೇ 12ರಂದು ವಾನ್ನಾಕ್ರೈ ಎಂಬ ರ್‍ಯಾನ್ಸಮ್‌ವೇರ್ ಜಗತ್ತಿನಲ್ಲಿ ಹರಡಿತು. ಸುಮಾರು 150 ದೇಶಗಳ 2 ಲಕ್ಷಕ್ಕೂ ಹೆಚ್ಚು ಕಂಪ್ಯೂಟರುಗಳು ಅದರ ಹಿಡಿತಕ್ಕೆ ಸಿಕ್ಕಿದವು. ಇಂಗ್ಲೆಂಡಿನ ಎಷ್ಟೋ ಆಸ್ಪತ್ರೆಗಳಲ್ಲಿ ರೋಗಿಗಳನ್ನು ವಾಪಸು ಕಳಿಸಬೇಕಾಯಿತು. ಬೇಸರದ ಸಂಗತಿ ಏನು ಗೊತ್ತೆ? ಅದು ನುಗ್ಗಿದ ಕಿಂಡಿಯನ್ನು ಮುಚ್ಚುವ ಅಪ್‌ಡೇಟನ್ನು ಮೈಕ್ರೋಸಾಫ್ಟ್ ಅದೇ ವರ್ಷ ಮಾರ್ಚ್ 14ರಂದೇ ಬಿಡುಗಡೆ ಮಾಡಿತ್ತು. ನಡುವೆ 59 ದಿನ ಸಮಯವಿತ್ತು. ಅಪ್‌ಡೇಟ್ ಹಾಕಿಕೊಂಡಿದ್ದ ಕಂಪ್ಯೂಟರುಗಳಿಗೆ ಆ ಕಿಂಡಿಯಿಂದ ಅದು ನುಗ್ಗಲಾಗಲಿಲ್ಲ. ಅಪ್‌ಡೇಟ್ ಎಂದರೆ ಲಸಿಕೆ ಇದ್ದಂತೆ. "ಆಮೇಲೆ ಮಾಡೋಣ" ಎನ್ನಬೇಡಿ.

2000ನೆಯ ಇಸವಿಯ ಮೇ ತಿಂಗಳಲ್ಲಿ ಫಿಲಿಪ್ಪೀನ್ಸ್‌ನಿಂದ ಹೊರಟ ಐ ಲವ್ ಯು ಎಂಬ ವರ್ಮ್ ಇನ್ನೊಂದು ಪಾಠ ಕಲಿಸಿತು. ಅದು ಇ-ಮೇಲ್‌ನಲ್ಲಿ ಪ್ರೇಮಪತ್ರದ ವೇಷದಲ್ಲಿ ಬಂತು. ಕಡತದ ಹೆಸರು ಓದುವ ಪತ್ರದಂತೆ ಕಾಣುತ್ತಿತ್ತು. ಹೆಸರಿನ ಕೊನೆಯಲ್ಲಿ ಅದು ಪ್ರೋಗ್ರಾಂ ಎಂದು ಹೇಳುವ ಮೂರು ಅಕ್ಷರಗಳಿದ್ದವು. ಆದರೆ ಅವು ಬಹಳ ಜನರ ಪರದೆಯಲ್ಲಿ ಕಾಣುತ್ತಲೇ ಇರಲಿಲ್ಲ. ಕುತೂಹಲದಿಂದ ಒತ್ತಿದವರೆಲ್ಲ ಸಿಕ್ಕಿಬಿದ್ದರು.

ಇಂದು ಅದೇ ಉಪಾಯ ಮೊಬೈಲಿಗೂ ಬಂದಿದೆ. ಮನೆಯಲ್ಲಿ ಕಂಪ್ಯೂಟರ್ ಇಲ್ಲದವರೂ ಇದನ್ನು ಗಮನಿಸಿ. ಮದುವೆಯ ಆಮಂತ್ರಣ ಎಂದು ವಾಟ್ಸ್‌ಆ್ಯಪ್‌ನಲ್ಲಿ ಒಂದು ಕಡತ ಬರುತ್ತದೆ. ಹೆಸರಿನ ಕೊನೆಯಲ್ಲಿ ಎಪಿಕೆ ಎಂದಿದ್ದರೆ ಅದು ಆಮಂತ್ರಣವಲ್ಲ, ಮೊಬೈಲಿನಲ್ಲಿ ಕೂರಲು ಬಂದಿರುವ ಒಂದು ಆ್ಯಪ್! ಪರಿಚಯದವರ ನಂಬರಿನಿಂದಲೇ ಬಂದಿದ್ದರೂ ತೆರೆಯಬೇಡಿ. ಮೊದಲು ಅವರಿಗೆ ಫೋನ್ ಮಾಡಿ ಕೇಳಿ.

ಕೊನೆಯದಾಗಿ, ಮುಖ್ಯವಾದ ಕಡತಗಳ ಪ್ರತಿ ಒಂದೇ ಕಡೆ ಇರದಿರಲಿ. ಬಲ್ಲವರು ಹೇಳುವ ಸೂತ್ರ 3-2-1. ಒಟ್ಟು 3 ಪ್ರತಿಗಳು, 2 ಬಗೆಯ ಸಾಧನಗಳಲ್ಲಿ, ಅವುಗಳಲ್ಲಿ 1 ಪ್ರತಿ ಮನೆಯಿಂದ ಹೊರಗೆ. ಅಜ್ಜಿಯ ಫೋಟೊ ಮೊದಲೇ ಚಿಕ್ಕಮ್ಮನ ಮನೆಯಲ್ಲೂ ಒಂದು ಪ್ರತಿ ಇದ್ದಿದ್ದರೆ ಅಕ್ಕ ಅಳಬೇಕಾಗಿತ್ತೆ?

ಮಾಡಿ ನೋಡಿ: ತರಗತಿಯ ಚಟುವಟಿಕೆ

ಒಬ್ಬರ ಅಂಗೈಗೆ ಬಣ್ಣದ ಸೀಮೆಸುಣ್ಣದ ಪುಡಿ ಹಚ್ಚಿ. ಮೊದಲ ಸುತ್ತಿನಲ್ಲಿ ಅವರು ಒಬ್ಬರ ಕೈ ಕುಲುಕಲಿ. ಈಗ ಪುಡಿ ಇಬ್ಬರ ಕೈಯಲ್ಲಿದೆ. ಎರಡನೆಯ ಸುತ್ತಿನಲ್ಲಿ ಇಬ್ಬರೂ ಹೊಸಬರೊಬ್ಬೊಬ್ಬರ ಕೈ ಕುಲುಕಲಿ. ಈಗ 4 ಜನ. ಪ್ರತಿ ಸುತ್ತಿಗೂ ಸಂಖ್ಯೆ ಎಷ್ಟಾಗುತ್ತದೆ ಎಂದು ಕರಿಹಲಗೆಯಲ್ಲಿ ಬರೆಯಿರಿ. ಇದು ಹೀಗೆಯೇ ಮುಂದುವರಿದರೆ 10 ಸುತ್ತಿನ ನಂತರ ಎಷ್ಟು ಜನರಾಗುತ್ತಾರೆ? ಇನ್ನೊಮ್ಮೆ ಆಡುವಾಗ ಮೂರನೆಯ ಸುತ್ತಿನಲ್ಲಿ ಇಬ್ಬರು ಕೈ ತೊಳೆದು ಬರಲಿ. ಸಂಖ್ಯೆ ಹೇಗೆ ಬದಲಾಯಿತು ಗಮನಿಸಿ. ಒಂದು ಪೆನ್ ಡ್ರೈವನ್ನು ಬೇರ್ಪಡಿಸಿದರೆ ಎಷ್ಟು ಲಾಭ ಎಂದು ತಿಳಿಯುತ್ತದೆ. ಚಟುವಟಿಕೆ ಮುಗಿದ ಮೇಲೆ ಎಲ್ಲರೂ ಕೈ ತೊಳೆದುಕೊಳ್ಳಿ.

ಉತ್ತರಿಸಿ

1. ಕಂಪ್ಯೂಟರ್ ನಿಧಾನವಾಗಲು ವೈರಸ್ ಅಲ್ಲದ 3 ಕಾರಣಗಳನ್ನು ಹೇಳಿ.
2. ಒಂದು ಪೆನ್ ಡ್ರೈವ್‌ನಲ್ಲಿ 5 ಶಾರ್ಟ್‌ಕಟ್‌ಗಳು ಮಾತ್ರ ಕಾಣುತ್ತಿವೆ. ಬಳಕೆಯಾದ ಜಾಗವೂ ಬಹುತೇಕ ಸೊನ್ನೆ ಎಂದು ತೋರಿಸುತ್ತಿದೆ. ಆಗ ನಿಮ್ಮ ಊಹೆ ಏನು?
3. ಆಫ್‌ಲೈನ್ ಸ್ಕ್ಯಾನ್‌ನಿಂದ ಏನು ಅನುಕೂಲ?
4. ನಿಮ್ಮ ಮನೆಯಲ್ಲಿ ಒಂದೇ ಪ್ರತಿ ಇರುವ ಮುಖ್ಯ ಫೋಟೊ ಅಥವಾ ಕಾಗದ ಯಾವುದು? ಅದರ ಇನ್ನೊಂದು ಪ್ರತಿಯನ್ನು ಎಲ್ಲಿ ಇಡುವಿರಿ?

ಮಕ್ಕಳೇ, ಮುಂದಿನ ಸಲ ಯಾರಾದರೂ "ವೈರಸ್ ಬಂತು, ಫಾರ್ಮ್ಯಾಟ್ ಮಾಡಿ" ಎಂದರೆ ಏನು ಹೇಳುತ್ತೀರಿ? "ಸ್ವಲ್ಪ ತಡೀರಿ, ಮೊದಲು ಎಷ್ಟು ಜಾಗ ಬಳಕೆಯಾಗಿದೆ ನೋಡೋಣ!"